ಕಾರಂಜಿ ನೋಡಿದ್ದೀರಿ, ಜಲಾಶಯ ನೋಡಿದ್ದೀರಾ?

ಮಕ್ಕಳೇ, ಶಾಲಾ ಪ್ರವಾಸದಲ್ಲಿ ಕೆ.ಆರ್.ಎಸ್.ಗೆ ಹೋಗಿ ಬಂದವರನ್ನು "ಏನು ನೋಡಿದಿರಿ?" ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ "ಬಣ್ಣದ ಕಾರಂಜಿ!" ಬೃಂದಾವನ ಉದ್ಯಾನ ಚೆಂದವೇ ಸರಿ. ಆದರೆ ಒಂದು ಸಂಗತಿ ಗಮನಿಸಿದ್ದೀರಾ? ಉದ್ಯಾನ ಇರುವುದು ಅಣೆಕಟ್ಟೆಯ ಕೆಳಗೆ. ಕಾರಂಜಿಯ ಎದುರು ನಿಂತಾಗ ಜಲಾಶಯ ಕಟ್ಟೆಯ ಹಿಂದೆ ಮರೆಯಾಗಿರುತ್ತದೆ. ಅಂದರೆ ಮಂಡ್ಯ ಜಿಲ್ಲೆಯ ಅತಿ ದೊಡ್ಡ ನೀರಿನ ರಾಶಿಯ ಪಕ್ಕಕ್ಕೇ ಹೋಗಿ, ಅದನ್ನು ನೋಡದೆ ವಾಪಸ್ ಬರುತ್ತೇವೆ! ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ, ಕೇಳಿ.

ದೊಡ್ಡ ಸರೋವರ ಎಂದರೆ ಕ್ಯಾಲೆಂಡರಿನಲ್ಲಿ ಕಾಣುವ ಆಲ್ಪ್ಸ್ ಪರ್ವತದ ಚಿತ್ರ ನೆನಪಾಗುತ್ತದೆ, ಅಲ್ಲವೇ? ಸ್ವಿಟ್ಜರ್‌ಲೆಂಡ್ ಮತ್ತು ಫ್ರಾನ್ಸ್ ದೇಶಗಳ ನಡುವೆ ಜಿನೀವಾ ಸರೋವರವಿದೆ. ಹಿಂದೆ ಅಲ್ಲಿ ಭಾರವಾದ ಹಿಮನದಿ ಬಹಳ ನಿಧಾನವಾಗಿ ಜಾರುತ್ತಾ ಕಣಿವೆಯನ್ನು ಆಳವಾಗಿ ಕೊರೆಯಿತು. ಹಿಮ ಕರಗಿದ ಮೇಲೆ ಆ ತಗ್ಗಿನಲ್ಲಿ ನೀರು ತುಂಬಿತು. ಅದರ ವಿಸ್ತಾರ ಸುಮಾರು 580 ಚದರ ಕಿ.ಮೀ.; ಅತಿ ಹೆಚ್ಚಿನ ಆಳ ಸುಮಾರು 310 ಮೀಟರ್.

ನಮ್ಮ ನಾಡಿನಲ್ಲಿ ಹಿಮಪರ್ವತವಿಲ್ಲ. ನಮ್ಮ ಸರೋವರವನ್ನು ಕೊರೆದದ್ದು ಹಿಮವಲ್ಲ, ಕಟ್ಟಿದ್ದು ಮನುಷ್ಯರ ಕೈ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ 1911ರಲ್ಲಿ ಕನ್ನಂಬಾಡಿ ಬಳಿ ಕೆಲಸ ಆರಂಭವಾಯಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಈ ಮೂರು ನದಿಗಳ ನೀರು ಅಲ್ಲಿ ನಿಂತಿತು. ಕಲ್ಲುಗಳನ್ನು ಬೆಸೆದದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ.

ಈಗ ಒಂದು ಲೆಕ್ಕ ಮಾಡೋಣ. ಜಲಾಶಯ ತುಂಬಿದಾಗ ಅದರಲ್ಲಿ 49.45 ಟಿ.ಎಂ.ಸಿ., ಅಂದರೆ ಸುಮಾರು 140 ಕೋಟಿ ಘನ ಮೀಟರ್ ನೀರಿರುತ್ತದೆ. ನೀರು ಹರಡುವ ಜಾಗ ಸುಮಾರು 130 ಚದರ ಕಿ.ಮೀ., ಅಂದರೆ 13 ಕೋಟಿ ಚದರ ಮೀಟರ್. ಭಾಗಿಸಿ ನೋಡಿ. ಸರಾಸರಿ ಆಳ ಸುಮಾರು 11 ಮೀಟರ್ ಮಾತ್ರ! ಜಿನೀವಾ ಸರೋವರ ವಿಸ್ತಾರದಲ್ಲಿ ನಮ್ಮದರ ನಾಲ್ಕೂವರೆ ಪಟ್ಟು. ಆದರೆ ನೀರಿನ ಪ್ರಮಾಣದಲ್ಲಿ 60 ಪಟ್ಟಿಗೂ ಹೆಚ್ಚು. ನಮ್ಮದು ಅಗಲವಾದ ತಟ್ಟೆಯಾದರೆ ಅದು ಆಳವಾದ ಹಂಡೆ.

ತಟ್ಟೆಯ ನೀರು ಬೇಗ ಆರುತ್ತದೆ, ಬೇಗ ತಳ ಕಾಣುತ್ತದೆ. ಜಲಾಶಯದ ಪೂರ್ಣಮಟ್ಟ 124.80 ಅಡಿ. 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಮಟ್ಟ 90 ಅಡಿಗಿಂತ ಕೆಳಗಿಳಿಯಿತು. ಅದೇ ವರ್ಷ ಜುಲೈನಲ್ಲಿ ಕೊಡಗಿನ ಕಡೆ ಚೆನ್ನಾಗಿ ಮಳೆಯಾಗಿ ಕಟ್ಟೆ ತುಂಬಿತು. ಈ ಏರಿಳಿತವೇ ನಮ್ಮ ಬದುಕು. ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಕೊತ್ತತ್ತಿ ಸೀಮೆಯ ಭತ್ತ, ಕಬ್ಬಿನ ಗದ್ದೆಗಳಿಗೆ ಬರುವುದು ಇದೇ ನೀರು. ಬೆಂಗಳೂರಿನ ಕುಡಿಯುವ ನೀರಿಗೂ ಕಾವೇರಿಯೇ ಆಸರೆ. ಆ ನೀರನ್ನು ಎತ್ತುವ ತೊರೆಕಾಡನಹಳ್ಳಿ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ.

ಅಣೆಕಟ್ಟೆಯ ಬಳಿ ದೊಡ್ಡ ಮನರಂಜನಾ ಉದ್ಯಾನ ಮಾಡಬೇಕೇ ಬೇಡವೇ ಎಂಬ ಚರ್ಚೆ ದೊಡ್ಡವರಲ್ಲಿ ನಡೆದಿದೆ. "ಜನ ಬಂದರೆ ನಾಲ್ಕು ಮಂದಿಗೆ ಕೆಲಸ ಸಿಗುತ್ತದೆ" ಎನ್ನುತ್ತಾರೆ. ಆ ಮಾತಿನಲ್ಲೂ ಸತ್ಯವಿದೆ. ಆದರೆ ಜನರ ಜೊತೆ ಪ್ಲಾಸ್ಟಿಕ್ ಕೂಡ ಬರುತ್ತದೆ. ಆಳವಿಲ್ಲದ, ಬೇಸಿಗೆಯಲ್ಲಿ ಕುಗ್ಗುವ ನೀರು ಎಷ್ಟು ಕಸ ತಡೆದೀತು? ಹೊಸ ಆಟಿಕೆಗಳಿಗಿಂತ ಮೊದಲು ಜಲಾಶಯವನ್ನೇ ನೋಡಲು ಕಲಿಸಬೇಕು. ತಾನು ಅರಿತ ನೀರನ್ನು ಯಾರೂ ಸುಲಭವಾಗಿ ಕೊಳಕು ಮಾಡುವುದಿಲ್ಲ.

ಆದ್ದರಿಂದ ಮುಂದಿನ ಪ್ರವಾಸದಲ್ಲಿ ನಿಮ್ಮ ಗುರುಗಳನ್ನು ಹೀಗೆ ಕೇಳಿ: "ಸಾರ್, ಕಾರಂಜಿಗೆ ಮೊದಲು ಒಂದು ಗಂಟೆ ಹಿನ್ನೀರು ತೋರಿಸಿ." ಹೊಸ ಕನ್ನಂಬಾಡಿಗೆ ಹೋಗಬಹುದು. ಮುಳುಗಡೆಯಾಗಿದ್ದ ವೇಣುಗೋಪಾಲಸ್ವಾಮಿ ದೇವಾಲಯದ ಕಲ್ಲುಗಳನ್ನು ಅಲ್ಲಿಗೆ ತಂದು ಮರುಜೋಡಿಸಿದ್ದಾರೆ. ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು! ಆ ನೀರಿನಡಿ ಹಳೆಯ ಊರುಗಳಿದ್ದವು, ಅಲ್ಲಿಯ ಜನ ಮನೆಮಠ ಬಿಟ್ಟು ಹೋದದ್ದರಿಂದಲೇ ನಮ್ಮ ಗದ್ದೆಗಳು ಹಸಿರಾದವು ಎಂಬುದನ್ನು ಮರೆಯಬೇಡಿ. ದಡದಿಂದಲೇ ನೋಡಿ, ನೀರಿಗೆ ಇಳಿಯಬೇಡಿ.

ಪ್ರವಾಸ ಇನ್ನೂ ದೂರವಿದೆಯೇ? ಪತ್ರಿಕೆಯಲ್ಲಿ ದಿನವೂ ಬರುವ ಕೆ.ಆರ್.ಎಸ್. ನೀರಿನ ಮಟ್ಟವನ್ನು ಒಂದು ತಿಂಗಳು ಬರೆದಿಡಿ. ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ತರಗತಿಯ ಗೋಡೆಗೆ ಅಂಟಿಸಿ. ಗೆರೆ ಏರಿದ ದಿನ ಎಲ್ಲಿ ಮಳೆಯಾಗಿತ್ತು? ಇಳಿದ ದಿನ ನಾಲೆಗೆ ನೀರು ಬಿಟ್ಟಿದ್ದರೇ? ಹುಡುಕಿ ನೋಡಿ, ಮನೆಯಲ್ಲಿ ಅಪ್ಪ ಅಮ್ಮನಿಗೂ ತಿಳಿಸಿ.