ವೀರನ ಹುಟ್ಟು, ಊರಿನ ಹುಟ್ಟು

ವೀರನ ಪರಾಕ್ರಮವನ್ನು ಕೇಳಿದ ಮೇಲೆ ಅವನ ಹುಟ್ಟನ್ನೂ ಕೇಳದೆ ನಮ್ಮ ಜನ ಏಳುವವರಲ್ಲ. ಹರಿಕಥೆಯ ದಾಸರು ಕೃಷ್ಣನ ಸಾಹಸಗಳನ್ನು ಎಷ್ಟೇ ವರ್ಣಿಸಲಿ, ಸೆರೆಮನೆಯ ಬಾಗಿಲು ತಾನಾಗಿ ತೆರೆದ ಆ ರಾತ್ರಿಯನ್ನು ಹೇಳದಿದ್ದರೆ ಸಭೆಗೆ ತೃಪ್ತಿಯಿಲ್ಲ. ಕರ್ಣನ ಸಾವಿಗೆ ಕಣ್ಣೀರಿಡುವವರು ಅವನು ತೇಲಿಬಂದ ಪೆಟ್ಟಿಗೆಯನ್ನು ನೆನೆದೇ ಕಣ್ಣೀರಿಡುತ್ತಾರೆ.

ಈ ಹಳೆಯ ಆಸೆಯನ್ನು ಟೆಲಿವಿಷನ್ ಚೆನ್ನಾಗಿ ಅರಿತುಕೊಂಡಿದೆ. ಅಮೆರಿಕದ ‘ಸ್ಮಾಲ್‌ವಿಲ್’ ಎಂಬ ಧಾರಾವಾಹಿಯು 2001ರಿಂದ 2011ರವರೆಗೆ ಸೂಪರ್‌ಮ್ಯಾನನ ಎಳೆಯ ದಿನಗಳನ್ನೇ ಹೇಳಿತು. ‘ಗಾಥಮ್’ ಎಂಬುದು 2014ರಿಂದ 2019ರವರೆಗೆ ಬ್ಯಾಟ್‌ಮ್ಯಾನ್ ಇನ್ನೂ ಹುಡುಗನಾಗಿದ್ದ ಕಾಲವನ್ನು ತೋರಿಸಿತು. ಕಡೆಗೆ ಏನಾಗುವುದೆಂದು ಮೊದಲೇ ತಿಳಿದಿದ್ದರೂ ಜನ ವರ್ಷಗಟ್ಟಲೆ ಕುಳಿತು ನೋಡಿದರು. ಮುಂದೇನು ಎಂಬ ಕುತೂಹಲಕ್ಕಿಂತ ಹಿಂದೇನು ಎಂಬ ಕುತೂಹಲ ದೊಡ್ಡದೆಂದು ಇದರಿಂದ ತೋರುತ್ತದೆ.

ಇಂಥ ಒಂದು ಕಥೆ ನಮ್ಮ ಊರಿನ ಹೆಸರನ್ನೇ ಹೊತ್ತು ಹೊರಟಿತು. 2018ರ ಡಿಸೆಂಬರ್ 21ರಂದು ಬಿಡುಗಡೆಯಾದ ‘ಕೆ.ಜಿ.ಎಫ್.’ ಚಲಚ್ಚಿತ್ರವನ್ನೂ 2022ರ ಏಪ್ರಿಲ್ 14ರಂದು ಬಂದ ಅದರ ಎರಡನೆಯ ಅಧ್ಯಾಯವನ್ನೂ ನೋಡದವರು ನಮ್ಮ ತರಗತಿಯಲ್ಲಿ ಇರಲಾರರು. ಚಿತ್ರಮಂದಿರದಲ್ಲಿ ತಪ್ಪಿಸಿಕೊಂಡವರಿಗೆ ಮನೆಯ ಟೆಲಿವಿಷನ್ನೇ ತೋರಿಸಿತು. ಕಥೆಯನ್ನು ಹೇಳುವುದು ಕೂಡ ಟೆಲಿವಿಷನ್ ವಾಹಿನಿಯೊಂದರ ಸಂದರ್ಶನದಲ್ಲಿ ಕುಳಿತ ಒಬ್ಬ ವೃದ್ಧ ಪತ್ರಕರ್ತ. ಪ್ರಶಾಂತ್ ನೀಲ್ ಅವರು ಅದರಲ್ಲಿ ಮಾಡಿರುವುದು ಹಳೆಯ ದಾಸರು ಮಾಡುತ್ತಿದ್ದ ಕೆಲಸವೇ. 1951ರಲ್ಲಿ ಕೋಲಾರದ ನೆಲದಲ್ಲಿ ಚಿನ್ನ ಕಾಣುತ್ತದೆ. ಅದೇ ದಿನ ಬಡ ತಾಯಿಯೊಬ್ಬಳಿಗೆ ಒಂದು ಗಂಡುಮಗು ಹುಟ್ಟುತ್ತದೆ. ಗಣಿಯೂ ವೀರನೂ ಒಂದೇ ಗಳಿಗೆಯಲ್ಲಿ ಜನ್ಮ ತಾಳುತ್ತಾರೆ. ಮುಂದೆ ಆ ಗಣಿಯ ಗುಲಾಮರನ್ನು ಬಿಡಿಸಲು ಅವನೇ ಬರಬೇಕಲ್ಲವೇ?

ನೋಡಿದವರ ಅಭಿಪ್ರಾಯಗಳನ್ನು ನಾನು ಕಾಲೇಜಿನಲ್ಲಿಯೂ, ಬಂಗಾರಪೇಟೆಯ ರೈಲಿನಲ್ಲಿಯೂ, ಲೈನುಮನೆಗಳ ಜಗಲಿಯ ಮೇಲೂ ಕೇಳಿದ್ದೇನೆ. ಅವು ಮೂರು ಬಗೆಯವು. ಮೊದಲನೆಯವರು ಹಿಗ್ಗಿದವರು. ಬೆಂಗಳೂರಿನ ಕೆಲಸಕ್ಕೆ ಮುಂಜಾನೆಯೇ ರೈಲು ಹಿಡಿಯುವ ನಮ್ಮವರು ಊರಿನ ಹೆಸರು ಹೇಳಿದರೆ ಮೊದಲು ಯಾರೂ ಕತ್ತೆತ್ತಿ ನೋಡುತ್ತಿರಲಿಲ್ಲ, ಈಗ ನೋಡುತ್ತಾರೆ. ಈ ಹಿಗ್ಗನ್ನು ಹಗುರವಾಗಿ ಕಾಣಬಾರದು. ಎರಡನೆಯವರು ನೊಂದ ಹಿರಿಯರು. ‘ನಾವು ಸಂಬಳಕ್ಕೆ ದುಡಿದವರು, ಸರಪಳಿ ಕಟ್ಟಿಸಿಕೊಂಡವರಲ್ಲ’ ಎಂಬುದು ಅವರ ಮಾತು. ಮೂರನೆಯವರು ವಿವೇಕಿಗಳು: ‘ಕಥೆಯನ್ನು ಕಥೆಯೆಂದು ನೋಡಿ, ಚರಿತ್ರೆಯ ಪಾಠವೆಂದು ಏಕೆ ನೋಡುತ್ತೀರಿ?’ ಎನ್ನುತ್ತಾರೆ.

ಮೂರನೆಯವರ ವಾದವನ್ನು ನಾನು ಒಪ್ಪುತ್ತೇನೆ. ಚಿತ್ರದ ಗಣಿಗೆ ನರಾಚಿ ಎಂದು ಬೇರೆಯೇ ಹೆಸರಿದೆ. ನಮ್ಮ ಸೈನೈಡ್ ದಿಬ್ಬಗಳ ಮೇಲೆ ಚಿತ್ರೀಕರಿಸಿದ ಮಾತ್ರಕ್ಕೆ ನಮ್ಮ ಚರಿತ್ರೆಯನ್ನು ಹೇಳಲೇಬೇಕೆಂದು ಯಾವ ಕಲಾವಿದನನ್ನೂ ಕಟ್ಟಿಹಾಕುವುದು ತರವಲ್ಲ. ಸಾಹಸ ಸಂಯೋಜನೆಗೂ ವಿಶೇಷ ಪರಿಣಾಮಗಳಿಗೂ ರಾಷ್ಟ್ರಪ್ರಶಸ್ತಿ ಪಡೆದ ಚಿತ್ರವದು; ಆ ಕೌಶಲವನ್ನು ಮೆಚ್ಚಲೇಬೇಕು.

ಆದರೆ ಹಿರಿಯರ ನೋವೂ ಸುಳ್ಳಲ್ಲ. ತಾರೀಖು ತಪ್ಪಿದ್ದಕ್ಕೆ ಅವರು ನೊಂದಿಲ್ಲ. ಸಾವಿರಾರು ಜನ ಕೈಕಟ್ಟಿ ನಿಂತು ಒಬ್ಬನಿಗಾಗಿ ಕಾಯುತ್ತಾರೆ ಎಂಬ ಚಿತ್ರ ಅವರಿಗೆ ಮುಳ್ಳಾಗಿದೆ. ಇದು ಈ ಒಂದು ಚಲಚ್ಚಿತ್ರದ ದೋಷವಲ್ಲ. ವೀರನ ಹುಟ್ಟಿನ ಕಥೆಗಳೆಲ್ಲದರ ಸ್ವಭಾವವೇ ಹಾಗೆ. ಶಕ್ತಿಯೆಲ್ಲ ಒಬ್ಬನಲ್ಲಿ ಸೇರಬೇಕಾದರೆ ಉಳಿದವರೆಲ್ಲ ಬರಿಯ ಗುಂಪಾಗಬೇಕು. ಸ್ಮಾಲ್‌ವಿಲ್ ಎಂಬ ಊರಿಗೂ ಒಬ್ಬ ಹುಡುಗನನ್ನು ಬೆಳೆಸುವುದಕ್ಕಿಂತ ಹೆಚ್ಚಿನ ಕೆಲಸವಿಲ್ಲ.

ನಮ್ಮ ಊರಿನ ನಿಜವಾದ ಹುಟ್ಟಿನ ಕಥೆ ಹೀಗಿಲ್ಲ. 1802ರಲ್ಲಿ ಮೈಸೂರಿನ ಗಡಿಯನ್ನು ಅಳೆಯುತ್ತ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿ ಚಿನ್ನವಿದೆಯೆಂಬ ಸುದ್ದಿ ಕೇಳಿ ಬಹುಮಾನ ಸಾರಿದನು. ಹಳ್ಳಿಯವರು ಮಣ್ಣನ್ನು ಗಾಡಿಯಲ್ಲಿ ತಂದು, ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ವಾರನ್ನನ ಹೆಸರು ಪುಸ್ತಕದಲ್ಲಿದೆ. ಮಣ್ಣು ತೊಳೆದವರ ಹೆಸರಿಲ್ಲ. ಅವನ ವರದಿಯನ್ನು ಓದಿಕೊಂಡು ಬಂದ ಲ್ಯಾವೆಲ್ 1875ರಲ್ಲಿ ಪರವಾನಗಿ ಪಡೆದನು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಕೈಗೆ ಕೆಲಸ ಬಂತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಷಾಫ್ಟುಗಳು ಇಳಿದವು. ನಂದಿದುರ್ಗವೆಂದರೆ ಹೊರಗಿನವರಿಗೆ ತಂಪಾದ ಬೆಟ್ಟ; ನಮಗೆ ಬಿಸಿಯಾದ ಪಾತಾಳ. ಉತ್ತರ ಆರ್ಕಾಟಿನಿಂದಲೂ ಚಿತ್ತೂರಿನಿಂದಲೂ ಬಂದವರು, ಬಹುಪಾಲು ಅಸ್ಪೃಶ್ಯರೆನಿಸಿಕೊಂಡು ಊರಾಚೆ ಇದ್ದವರು, ಆ ಪಾತಾಳಕ್ಕೆ ಕೇಜಿನಲ್ಲಿ ಇಳಿದರು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಕಾವು 60 ಡಿಗ್ರಿಯನ್ನು ದಾಟುತ್ತಿತ್ತು. ಒತ್ತಡ ತಾಳದೆ ಬಂಡೆಯೇ ಸಿಡಿಯುತ್ತಿತ್ತು.

ಚಿತ್ರದಲ್ಲಿ ಚಿನ್ನ ಆಗತಾನೇ ಕಂಡ ಆ 1951ರ ಹೊತ್ತಿಗೆ ನಮ್ಮಲ್ಲಿ ಎರಡು ಮೂರು ತಲೆಮಾರುಗಳು ದುಡಿದಾಗಿತ್ತು. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದಾಟಿ ಇಲ್ಲಿಗೆ ಬಂದಿತ್ತು. ಬೆಂಗಳೂರಿನ ಬೀದಿಗಳು ಅದಕ್ಕಾಗಿ 1905ರವರೆಗೆ ಕಾದವು. ಇನ್ನೂ ಮುಖ್ಯವಾದುದೆಂದರೆ, 1930ರಲ್ಲಿ ಕಂಪನಿಯು ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಅವರು ಒಟ್ಟಾಗಿ ಕೆಲಸ ನಿಲ್ಲಿಸಿದರು. ‘ನಾವು ಕಳ್ಳರಲ್ಲ’ ಎಂಬುದೇ ಆ ಮುಷ್ಕರದ ಒಳಗಿನ ಅರ್ಥ. ಅವರನ್ನು ಬಿಡಿಸಲು ಮುಂಬಯಿಯಿಂದ ಯಾರೂ ಬರಲಿಲ್ಲ. ಇದಕ್ಕಿಂತ ಒಳ್ಳೆಯ ವೀರಕಥೆ ಯಾವುದು? ಆದರೆ ಇದರಲ್ಲಿ ಒಬ್ಬ ನಾಯಕನ ಮುಖವಿಲ್ಲ. ಆದ್ದರಿಂದ ಪರದೆಗೆ ಇದು ಒಗ್ಗುವುದು ಕಷ್ಟ.

1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ಗಣಿಗಳನ್ನು ವಹಿಸಿಕೊಂಡವು. 1965ರಲ್ಲಿ ಈ ಆಳದಲ್ಲಿಯೇ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು ಪ್ರಪಂಚದಲ್ಲೇ ಮೊದಲಿಗರ ಸಾಲಿನಲ್ಲಿ ಕಂಡರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ದಿಬ್ಬಗಳು, ಗಾಳಿಗೆ ಏಳುವ ಅವುಗಳ ಧೂಳು, ಮತ್ತು ಬೆಳಗಿನ ರೈಲು.

ಆ ದಿಬ್ಬಗಳ ಕಥೆಯೂ ಮುಗಿದಿಲ್ಲ. ಅವುಗಳಲ್ಲಿ ಹದಿಮೂರನ್ನು ಮತ್ತೆ ಗಣಿಗಾರಿಕೆಗೆ ತೆರೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ನಾಳೆ ಆ ಮಣ್ಣನ್ನು ಕೆದಕುವಾಗ ಧೂಳು ಯಾರ ಮನೆಗೆ ಹೋಗುತ್ತದೆ, ಕೆಲಸ ಯಾರಿಗೆ ಸಿಗುತ್ತದೆ ಎಂದು ಕೇಳಬೇಕಾದವರು ನಾವು. ಒಬ್ಬ ಬಂದು ಬಿಡಿಸುತ್ತಾನೆಂಬ ಕಥೆಯೊಂದನ್ನೇ ಬಲ್ಲವರು ಹೀಗೆ ಕೇಳುವುದಿಲ್ಲ, ಕಾಯುತ್ತಾರೆ. 1930ರವರ ಕಥೆ ಬಲ್ಲವರು ಕೇಳುತ್ತಾರೆ. ಯಾವ ಹುಟ್ಟಿನ ಕಥೆಯನ್ನು ನಂಬುತ್ತೇವೆಂಬುದು ಬರಿಯ ರುಚಿಯ ಪ್ರಶ್ನೆಯಲ್ಲವೆಂದು ನಾನು ಹೇಳುವುದು ಇದಕ್ಕಾಗಿಯೇ.

ಹಾಗಾದರೆ ಚಲಚ್ಚಿತ್ರವನ್ನು ಬೈಯಬೇಕೆ? ಬೇಡ. ಚಪ್ಪಾಳೆ ತಟ್ಟಿದವರು ತಟ್ಟಲಿ, ನಾನೂ ತಟ್ಟಿದ್ದೇನೆ. ಆದರೆ ಹೊರಗಿನ ಪ್ರೇಕ್ಷಕನಿಗೆ ನಮ್ಮ ಊರಿನ ಬಗ್ಗೆ ಬೇರೆ ಕಥೆ ಗೊತ್ತಿಲ್ಲದಿರುವುದು ಚಿತ್ರ ತೆಗೆದವರ ತಪ್ಪಲ್ಲ. ಅದನ್ನು ಹೇಳುವ ಹೊಣೆ ಇಲ್ಲಿಯ ಮನೆಗಳಲ್ಲಿ ಹುಟ್ಟಿ ಓದು ಬರಹ ಕಲಿತವರದು. ಗಣಿ ಮುಚ್ಚಿದಾಗ ನಲವತ್ತು ದಾಟಿದ್ದವರು ಈಗ ಅರವತ್ತೈದರ ಅಂಚಿನಲ್ಲೋ ಆಚೆಗೋ ಇದ್ದಾರೆ. ಕಲ್ಲಿನ ಧೂಳು ಕುಡಿದ ಶ್ವಾಸಕೋಶಗಳಿಗೆ ಬಹಳ ಕಾಲಾವಕಾಶವಿರುವುದಿಲ್ಲ.

ಆದುದರಿಂದ ಒಂದು ಸಲಹೆ. ಮನೆಯಲ್ಲಿ ಗಣಿ ಕಂಡ ಹಿರಿಯರಿರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದೊಂದು ಪುಟ ಬರೆಯಲಿ. ಯಾವ ಷಾಫ್ಟು, ಎಷ್ಟು ಆಳ, ಎಷ್ಟು ಸಂಬಳ, ಮೊದಲ ದಿನ ಕೇಜು ಇಳಿದಾಗ ಏನನ್ನಿಸಿತು, ಕಡೆಯ ದಿನ ಮೇಲೆ ಬಂದಾಗ ಏನನ್ನಿಸಿತು, ಇಷ್ಟೇ ಸಾಕು. ತಮಿಳಿನಲ್ಲಿ ಹೇಳಿದರೆ ತಮಿಳಿನಲ್ಲಿ ಕೇಳಿ, ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲಿ ಕೇಳಿ, ಕನ್ನಡದಲ್ಲಿ ಬರೆಯೋಣ. ನಮ್ಮ ವಾರ್ಷಿಕ ಸಂಚಿಕೆಯು ವರ್ಷಕ್ಕೆ ಹತ್ತು ಪುಟಗಳನ್ನು ಇದಕ್ಕೆ ಮೀಸಲಿಡಲೆಂದು ಸಂಪಾದಕರನ್ನೂ, ಪ್ರಶ್ನೆ ಕೇಳುವ ಕ್ರಮವನ್ನು ನಮಗೆ ಕಲಿಸಿಕೊಡಬೇಕೆಂದು ಇತಿಹಾಸದ ಅಧ್ಯಾಪಕರನ್ನೂ ಕೇಳಿಕೊಳ್ಳುತ್ತೇನೆ. ಮುಂದಿನ ಸಂಚಿಕೆಗೆ ನನ್ನ ಪಾಲಿನ ಪುಟವನ್ನು ಬರೆಯಲು ಆಗಲೇ ತೊಡಗಿದ್ದೇನೆ.