ಕೊರಿಯಾಕ್ಕೆ ಹೊರಟವರಿಗೆ: ಮೊದಲು ನಾಲ್ಕು ಸಂಜೆ ಎತ್ತಿಡಿ

ಆಫೀಸಿನಲ್ಲಿ ಯಾರಾದರೂ ಕೊರಿಯಾಕ್ಕೆ ಹೊರಟರೆ ಸಾಕು, ನನ್ನ ಸೀಟಿನ ಹತ್ತಿರ ಬಂದು ನಿಲ್ಲುತ್ತಾರೆ. "ಗುರು, ಅಲ್ಲಿ ಏನೇನು ನೋಡ್ಬೇಕು? ಊಟಕ್ಕೇನು ಗತಿ?" ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಸಲ ಇಲ್ಲಿ ಬರೆದು ಹಾಕ್ತಿದ್ದೀನಿ :-) ಇದರಲ್ಲಿ ಊರು ಸುತ್ತುವ ದಾರಿಯೂ ಇದೆ, ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

2023ರ ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆಯವರೆಗೆ ಪ್ರಾಜೆಕ್ಟ್ ಕೆಲಸದ ಮೇಲೆ ನಾನು ಸುವೊನ್‌ನಲ್ಲಿದ್ದೆ. ಸೋಲ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ, ಹೆಚ್ಚುಕಮ್ಮಿ 12 ಲಕ್ಷ ಜನರ ಊರು. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಮುಖ್ಯ ಕಛೇರಿ ಇರೋದು ಇಲ್ಲೇ. ಹಾಗಾಗಿ ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಇದು ಅಪರಿಚಿತ ಹೆಸರೇನಲ್ಲ. ಆದರೆ ಇಲ್ಲಿಂದ ಹೋಗಿ ಬಂದವರನ್ನು ಸುವೊನ್ ಹೇಗಿದೆ ಅಂತ ಕೇಳಿ ನೋಡಿ. "ಪರವಾಗಿಲ್ಲ, ಸೋಲ್‌ಗೆ ಹತ್ತಿರ" ಅನ್ನುತ್ತಾರೆ. ಅಷ್ಟೇ!

ನನ್ನ ಮೊದಲ ತಿಂಗಳೂ ಹಾಗೇ ಕಳೆಯಿತು. ಐದು ದಿನ ರೂಮು, ಆಫೀಸು. ಶನಿವಾರ ಒಂದನೇ ಲೈನಿನ ಸಬ್‌ವೇ ಹತ್ತಿ ಒಂದು ಗಂಟೆ ಪ್ರಯಾಣ ಮಾಡಿ ಸೋಲ್. ಅಲ್ಲಿ ಮ್ಯೊಂಗ್‌ದೊಂಗ್, ನಾಮ್‌ಸಾನ್ ಗುಡ್ಡದ ಟವರ್, ಇತೆವೊನ್‌ನಲ್ಲಿ ಉತ್ತರ ಭಾರತದ ಊಟ. ಭಾನುವಾರ ಬಟ್ಟೆ ಒಗೆದು, ಊರಿಂದ ತಂದ ಪುಳಿಯೋಗರೆ ಗೊಜ್ಜು ಕಲೆಸಿ ಉಂಡು ಮಲಗೋದು. ಇದನ್ನೇ ಕೊರಿಯಾ ನೋಡಿದೆ ಅಂದುಕೊಂಡಿದ್ದೆ.

ಅಕ್ಟೋಬರ್ 9 ಸೋಮವಾರ ರಜೆ ಅಂತ ಮೇಲ್ ಬಂತು. ಪಕ್ಕದ ಸೀಟಿನ ಕೊರಿಯನ್ ಗೆಳೆಯನನ್ನು ಕೇಳಿದೆ, ಯಾರ ಜಯಂತಿ ಅಂತ. "ಯಾರದ್ದೂ ಅಲ್ಲ, ನಮ್ಮ ಅಕ್ಷರಗಳ ದಿನ" ಅಂದ. ಅಕ್ಷರಕ್ಕೆ ಸರ್ಕಾರಿ ರಜೆ! ನಾನು ಬೆರಗಾಗಿ ನೋಡ್ತಿರುವಾಗಲೇ ಆತ ಸಹಜವಾಗಿ ಕೇಳಿದ, "ನೀವು ಬಂದು ತಿಂಗಳಾಯಿತಲ್ಲ, ಓದೋಕೆ ಬರುತ್ತಾ?" ನಾನಂದೆ, "ಇಲ್ಲ, ಟೈಮೇ ಸಿಗಲಿಲ್ಲ. ಇಂಗ್ಲಿಷಲ್ಲೇ ನಡೆದುಹೋಗುತ್ತಲ್ಲ."

ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಕಿವಿ ಬಿಸಿಯಾಯಿತು. ಇದೇ ಮಾತನ್ನು ಬೆಂಗಳೂರಲ್ಲಿ ಎಂಟು ವರ್ಷದಿಂದ ಇರುವ ನನ್ನ ಟೀಮಿನವನೊಬ್ಬ ಹೇಳಿದಾಗ ಕ್ಯಾಂಟೀನಿನಲ್ಲಿ ಅವನ ಜೊತೆ ಜಗಳಕ್ಕೇ ನಿಂತಿದ್ದೆ ನಾನು. ನವೆಂಬರ್ ಒಂದರಂದು ಹಳದಿ ಕೆಂಪು ಶಾಲು ಹೊದ್ದು ಫೋಟೋ ಹಾಕುವ ನಾನು, ಒಂದು ತಿಂಗಳು ಇನ್ನೊಬ್ಬರ ಊರಲ್ಲಿ ನಿರಕ್ಷರಿಯಾಗಿ ಹಾಯಾಗಿ ಓಡಾಡಿಕೊಂಡಿದ್ದೆ!

ಆವತ್ತು ಸಂಜೆ ಕೂತೆ. ಸತ್ಯ ಹೇಳ್ತೀನಿ, ನಾಲ್ಕೇ ಸಂಜೆ ಸಾಕಾಯಿತು.

ಹಂಗುಲ್ ಲಿಪಿಯನ್ನು ರೂಪಿಸಿದ್ದು 1443ರಲ್ಲಿ, ರಾಜ ಸೆಜೊಂಗ್. ಜನರ ಮುಂದಿಟ್ಟಿದ್ದು 1446ರಲ್ಲಿ. ಆಗ 28 ಅಕ್ಷರಗಳಿದ್ದವು, ಈಗ ಬಳಕೆಯಲ್ಲಿರುವುದು 24. 'ನ' ಅನ್ನುವಾಗ ನಾಲಿಗೆ ಹೇಗೆ ಬಾಗುತ್ತೋ ಅದೇ ಅಕ್ಷರದ ಆಕಾರ. 'ಮ' ಅಂದರೆ ಮುಚ್ಚಿದ ಬಾಯಿ, ಒಂದು ಚೌಕ. ನಾವು ದ ಅಕ್ಷರದ ಹೊಟ್ಟೆ ಸೀಳಿ ಧ ಮಾಡುವ ಹಾಗೆ, ಅವರು ಕ ಅಕ್ಷರಕ್ಕೆ ಒಂದು ಗೆರೆ ಸೇರಿಸಿ ಖ ಮಾಡುತ್ತಾರೆ. ವ್ಯಂಜನ, ಸ್ವರ, ಕೊನೆಯ ವ್ಯಂಜನ ಎಲ್ಲ ಸೇರಿ ಒಂದು ಗುಂಪು. ಕೊನೆಯದು ನಮ್ಮ ಒತ್ತಕ್ಷರದ ಹಾಗೆ ಕೆಳಗೆ ಕೂರುತ್ತದೆ. ಕಾಗುಣಿತ ಕಲಿತ ಕನ್ನಡಿಗನಿಗೆ ಇದು ಯಾವ ಲೆಕ್ಕ?

ವಾಕ್ಯದ ಜೋಡಣೆಯೂ ನಮ್ಮದೇ, ಕ್ರಿಯಾಪದ ಕೊನೆಗೆ. 'ನಾನು ಅನ್ನ ತಿಂದೆ' ಅನ್ನೋದಕ್ಕೆ 'ನಾನುನ್ ಬಬುಲ್ ಮೊಗೊಸ್ಸೊಯೊ'. ಅಪ್ಪನಿಗೆ 'ಅಪ್ಪ', ಅಮ್ಮನಿಗೆ 'ಒಮ್ಮಾ'. ಇದೆಲ್ಲ ಕಾಕತಾಳೀಯ, ಸಂಬಂಧ ಹುಡುಕೋಕೆ ಹೋಗಬೇಡಿ. ಆದರೆ ನೆನಪಿಡೋಕೆ ಸುಲಭ :-)

ಈಗ ಊರು ಸುತ್ತೋಣ. ಯಾವುದಾದರೂ ಕನ್ವೀನಿಯನ್ಸ್ ಸ್ಟೋರಿನಲ್ಲಿ ಟಿ-ಮನಿ ಕಾರ್ಡ್ ತಗೊಂಡು ದುಡ್ಡು ತುಂಬಿಸಿ. ಬಸ್ಸು, ಸಬ್‌ವೇ ಎರಡಕ್ಕೂ ಅದೇ. ಬಸ್ಸು ಇಳಿಯುವಾಗಲೂ ಕಾರ್ಡ್ ತೋರಿಸೋದು ಮರೀಬೇಡಿ. ದಾರಿಗೆ ನೇವರ್ ಮ್ಯಾಪ್ ಹಾಕ್ಕೊಳ್ಳಿ, ನಾನಿದ್ದಾಗ ಗೂಗಲ್ ಮ್ಯಾಪ್ ಅಲ್ಲಿ ನಡೆಯುವ ದಾರಿ ತೋರಿಸುತ್ತಿರಲಿಲ್ಲ. ಇನ್ನೊಂದು ಎಚ್ಚರಿಕೆ: ನೀವು ನೋಡಬೇಕಾದ ಹ್ವಾಸೊಂಗ್ ಕೋಟೆ ಸುವೊನ್ ಊರೊಳಗೇ ಇದೆ. ಪಕ್ಕದಲ್ಲಿ ಹ್ವಾಸೊಂಗ್ ಅನ್ನುವ ಊರೇ ಬೇರೆ ಇದೆ. ಬರೀ ಹೆಸರು ನಂಬಿ ಬಸ್ಸು ಹತ್ತಿದರೆ ಆ ಊರಲ್ಲಿರ್ತೀರಿ.

ರೈಲ್ವೆ ಸ್ಟೇಷನ್ನಿನಿಂದ ಪಾಲ್ದಾಲ್‌ಮುನ್‌ಗೆ ಬಸ್ಸು ಹಿಡಿಯಿರಿ. ಇದು ಕೋಟೆಯ ದಕ್ಷಿಣ ಬಾಗಿಲು. ಗೋಡೆ ಇಲ್ಲಿ ತುಂಡಾಗಿದೆ, ಬಾಗಿಲೊಂದೇ ಸರ್ಕಲ್ ನಡುವೆ, ವಾಹನಗಳ ಮಧ್ಯೆ ನಿಂತಿದೆ. ಅಲ್ಲಿಂದ ಪಶ್ಚಿಮಕ್ಕೆ ಮೆಟ್ಟಿಲು ಹತ್ತಿ ಪಾಲ್ದಾಲ್‌ಸಾನ್ ಗುಡ್ಡದ ತುದಿಯ ಸೊಜಾಂಗ್‌ದೆ ಮಂಟಪಕ್ಕೆ ಹೋಗಿ. ಏದುಸಿರು ಬರುತ್ತೆ, ಆದರೆ ಇಡೀ ಊರು ಕಾಣುತ್ತೆ. ಆಮೇಲೆ ಗೋಡೆಯ ಮೇಲೇ ಇಳಿಯುತ್ತಾ ಪಶ್ಚಿಮ ಬಾಗಿಲು, ಉತ್ತರ ಬಾಗಿಲು, ಏಳು ಕಮಾನುಗಳ ಕೆಳಗೆ ತೊರೆ ಹರಿಯುವ ಹ್ವಾಹೊಂಗ್‌ಮುನ್, ಪೂರ್ವ ಬಾಗಿಲು. ಒಂದು ಸುತ್ತು 5.7 ಕಿಲೋಮೀಟರ್. ಅವಸರ ಮಾಡದೆ ಅರ್ಧ ದಿನ ಇಟ್ಟುಕೊಳ್ಳಿ.

ಪೂರ್ವದ ಕಡೆ ಐದು ಚಿಮಣಿಗಳ ಕಟ್ಟೆಯೊಂದಿದೆ. ಒಂದು ಹೊಗೆ ಎದ್ದರೆ ಎಲ್ಲ ಕ್ಷೇಮ, ಐದೂ ಎದ್ದರೆ ಯುದ್ಧ ಶುರು. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಅಲರ್ಟ್ ನೋಡಿ ಎದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಕೋಟೆಯ ಹಿಂದೆ ಒಂದು ನೋವಿನ ಕಥೆಯಿದೆ. 1762ರಲ್ಲಿ ರಾಜ ಯೊಂಗ್ಜೊ ತನ್ನ ಮಗ ಸಾದೊನನ್ನು ಅಕ್ಕಿ ತುಂಬುವ ಪೆಟ್ಟಿಗೆಯೊಳಗೆ ಹಾಕಿಸಿ ಸಾಯಿಸಿದ. ಸಾದೊನ ಮಗ ಜೊಂಗ್ಜೊ ಆಗಿನ್ನೂ ಚಿಕ್ಕ ಹುಡುಗ. ಮುಂದೆ ತಾನೇ ರಾಜನಾದ ಮೇಲೆ 1789ರಲ್ಲಿ ಅಪ್ಪನ ಸಮಾಧಿಯನ್ನು ಸುವೊನ್ ಹತ್ತಿರಕ್ಕೆ ತಂದ. 1794ರಿಂದ 1796ರೊಳಗೆ ಈ ಕೋಟೆ ಕಟ್ಟಿಸಿದ. ಕೆಲಸದವರಿಗೆ ಕೂಲಿ ಕೊಟ್ಟು, ಅವರ ಹೆಸರು, ಸಾಮಾನಿನ ಲೆಕ್ಕ, ನಕ್ಷೆ ಎಲ್ಲವನ್ನೂ ದಾಖಲೆ ಮಾಡಿಸಿದ. ಆ ಪುಸ್ತಕ 1801ರಲ್ಲಿ ಅಚ್ಚಾಯಿತು. ಕೊರಿಯಾ ಯುದ್ಧದಲ್ಲಿ ಹಾಳಾದ ಕೋಟೆಯನ್ನು 1970ರ ದಶಕದಲ್ಲಿ ಮತ್ತೆ ಕಟ್ಟಿದ್ದು ಅದನ್ನು ಮುಂದಿಟ್ಟುಕೊಂಡೇ. 1997ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಡಾಕ್ಯುಮೆಂಟೇಷನ್ ಅಂದ್ರೆ ಓಡಿಹೋಗುವ ನನಗೆ ಇದು ಚೆನ್ನಾಗೇ ನಾಟಿತು.

ಆದರೆ ಆ ದಾಖಲೆ ಇದ್ದಿದ್ದು ಚೀನೀ ಲಿಪಿಯಲ್ಲಿ. ಸ್ವಂತ ಲಿಪಿ ಹುಟ್ಟಿ ಮುನ್ನೂರೈವತ್ತು ವರ್ಷ ಆಗಿದ್ದರೂ ಆಸ್ಥಾನಕ್ಕೆ ಅದು ಬೇಕಿರಲಿಲ್ಲ. ಹಂಗುಲ್ ಸರ್ಕಾರಿ ಕಾಗದಗಳಿಗೆ ಬಂದಿದ್ದು 1894ರಲ್ಲಿ. ಆ ರಜೆ ಯಾಕೆ ಕೊಡುತ್ತಾರೆ ಅಂತ ನನಗೆ ಅರ್ಥವಾಗಿದ್ದು ಇದು ತಿಳಿದ ಮೇಲೆ.

ಅಕ್ಷರ ಬಂದ ಮೇಲೆ ಊರು ಬೇರೆ ಥರಾನೇ ಕಾಣಿಸಿತು. 'ಮುನ್' ಅಂದರೆ ಬಾಗಿಲು, 'ಸಾನ್' ಅಂದರೆ ಗುಡ್ಡ, 'ಚೊನ್' ಅಂದರೆ ತೊರೆ, 'ಸಿಜಾಂಗ್' ಅಂದರೆ ಸಂತೆ, 'ಯೊಕ್' ಅಂದರೆ ಸ್ಟೇಷನ್. ನಮ್ಮಲ್ಲಿ ಬೊಮ್ಮಸಂದ್ರ, ಸಿಂಗಸಂದ್ರ, ಯಡಿಯೂರು ಕೆರೆ ಅಂತ ಹೆಸರಲ್ಲೇ ಊರಿನ ಗುಟ್ಟಿರುತ್ತಲ್ಲ, ಹಾಗೆ.

ಹೊಟ್ಟೆಯ ವಿಷಯಕ್ಕೂ ಅಕ್ಷರವೇ ಗತಿ. ಸೋಲ್‌ನ ಒಂದು ಮಾರ್ಕೆಟ್ಟಿನಲ್ಲಿ ಇಂಗ್ಲಿಷ್ ಬೋರ್ಡು ನೋಡಿ 'ಸಂಡೇ' ಐಸ್‌ಕ್ರೀಮ್ ಅಂತ ಆರ್ಡರ್ ಮಾಡಿದೆ. ಬಂದಿದ್ದು 'ಸುನ್‌ದೆ': ಹಂದಿಯ ಕರುಳಿಗೆ ರಕ್ತ, ಶಾವಿಗೆ ತುಂಬಿ ಬೇಯಿಸಿದ್ದು. ಸ್ಪೆಲಿಂಗ್ ಒಂದೇ! ಸುವೊನ್ ಹೆಸರುವಾಸಿಯಾಗಿರೋದು ದನದ ಪಕ್ಕೆಲುಬಿನ 'ಗಾಲ್ಬಿ'ಗೆ. ಸಸ್ಯಾಹಾರಿಗಳು 'ಗೊಗಿ ಪೆಗೊ ಜುಸೆಯೊ', ಅಂದರೆ ಮಾಂಸ ಬಿಟ್ಟು ಕೊಡಿ, ಅಂತ ಬಾಯಿಪಾಠ ಮಾಡಿ. ಅದರಿಂದ ಮೀನು ತಪ್ಪೋದಿಲ್ಲ. ಕಿಮ್ಚಿಯಲ್ಲೂ ಸಾರಿನಲ್ಲೂ ಮೀನಿನ ಅಂಶ ಸಾಮಾನ್ಯ. ಬೌದ್ಧ ದೇವಸ್ಥಾನಗಳ ಶೈಲಿಯ ಊಟ ಸಿಕ್ಕರೆ ಬಿಡಬೇಡಿ, ಈರುಳ್ಳಿ ಬೆಳ್ಳುಳ್ಳಿಯೂ ಇರೋದಿಲ್ಲ. ಚಳಿಯಲ್ಲಿ ಸುಟ್ಟ ಗೆಣಸು, ಬೆಲ್ಲದ ಹೋಳಿಗೆ ನೆನಪಿಸುವ 'ಹೊತ್ತೊಕ್'.

ಆ ಹೊತ್ತೊಕ್ ಅಂಗಡಿಯಲ್ಲೇ ನನ್ನ ಮೊದಲ ಪರೀಕ್ಷೆ ಆಗಿದ್ದು. ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದೆ. 'ಇಮೊ' ಅಂತ ಕರೆದೆ. ಹಾಗಂದರೆ ತಾಯಿಯ ತಂಗಿ ಅಥವಾ ಅಕ್ಕ. ಹೋಟೆಲಿನ ಹೆಂಗಸರನ್ನು ಅಲ್ಲಿ ಹಾಗೆ ಕರೀತಾರೆ. ಆಕೆ ನಗಲಿಲ್ಲ, ಇಂಗ್ಲಿಷಿಗೂ ಹಾರಲಿಲ್ಲ. ನನ್ನ ಉಚ್ಚಾರಣೆ ತಿದ್ದಿ, ಮತ್ತೊಮ್ಮೆ ಹೇಳಿಸಿ, ಆಮೇಲೇ ಕೈಗೆ ಕೊಟ್ಟರು.

ವಾಪಸ್ ಬಂದಮೇಲೆ ಇದೇ ನನ್ನನ್ನು ಕಾಡಿದ್ದು. ನಾವು ಹೀಗೆ ಮಾಡ್ತೀವಾ? ಹೊಸಬ ತಡವರಿಸುತ್ತಾ "ಎಷ್ಟು" ಅಂದರೆ ನಾವೇ ಹಿಂದಿಗೋ ಇಂಗ್ಲಿಷಿಗೋ ಹಾರ್ತೀವಿ. ಆಮೇಲೆ ಕಲಿಯಲಿಲ್ಲ ಅಂತ ಸಿಟ್ಟು. ಎಂಟು ವರ್ಷ ಇದ್ದೂ ಕಲಿಯದವನ ಮೇಲೆ ನನ್ನ ಸಿಟ್ಟು ಈಗಲೂ ಇದೆ, ಸುಳ್ಳು ಹೇಳೋದಿಲ್ಲ. ಆದರೆ ವಾದ ಬದಲಾಗಿದೆ. ಮೊದಲು "ನಮ್ಮ ಊರಿಗೆ ಮರ್ಯಾದೆ ಕೊಡು" ಅಂತಿದ್ದೆ. ಈಗ "ನೀನೇ ಏನೇನೋ ಕಳ್ಕೊಳ್ತಿದ್ದೀಯ" ಅಂತೀನಿ. ಅವನು ಕನ್ನಡದಲ್ಲಿ ಶುರು ಮಾಡಿದರೆ, ಎಷ್ಟೇ ನಿಧಾನವಾದರೂ ಸರಿ, ನಾನೂ ಕನ್ನಡದಲ್ಲೇ ಉತ್ತರ ಕೊಡ್ತೀನಿ. ಇದು ನನ್ನ ಪಾಲಿನ ಕೆಲಸ.

ಹಾಗಾಗಿ ಕೊರಿಯಾಕ್ಕೆ ಹೊರಟ ಗೆಳೆಯರೇ, ಕುಕ್ಕರು, ಗೊಜ್ಜು, ಸ್ವೆಟರು ಎಲ್ಲ ತಗೊಂಡು ಹೋಗಿ. ಆದರೆ ವಿಮಾನ ಹತ್ತುವ ಮುಂಚೆ ನಾಲ್ಕು ಸಂಜೆ ಆ ಅಕ್ಷರಗಳ ಜೊತೆ ಕೂತ್ಕೊಳ್ಳಿ. ನನ್ನ ಹಾಗೆ ಒಂದು ತಿಂಗಳು ಹಾಳು ಮಾಡ್ಕೋಬೇಡಿ.

ನೀವೇನಂತೀರಿ?