ಜಿಗಿಹುಳುವಿಗೆ ಹೆಸರಿಡುವುದು ಹೇಗೆ?

ಮಾವು ಹೂ ಬಿಟ್ಟಾಗ ಒಂದು ರೆಂಬೆ ಅಲುಗಿಸಿದರೆ ಪಟಪಟನೆ ಹಾರಿ ಮುಖಕ್ಕೆ ಬಡಿಯುವ ಸಣ್ಣ ಹುಳುಗಳನ್ನು ತೋಟದ ಮನೆಯ ಮಕ್ಕಳೆಲ್ಲ ಬಲ್ಲರು. ಅವೇ ಜಿಗಿಹುಳುಗಳು. ಸೂಜಿಯಂಥ ಬಾಯಿಯಿಂದ ಗಿಡದ ರಸ ಹೀರುವುದು ಇವುಗಳ ಕಸುಬು. ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದ ಪ್ರಭೇದಗಳೇ 20,000ಕ್ಕೂ ಹೆಚ್ಚು. ಇನ್ನೊಂದು ಸಿಕ್ಕಿತೆಂದರೆ ಅದರಲ್ಲೇನು ಹೆಚ್ಚುಗಾರಿಕೆ ಎಂದು ಯಾರಾದರೂ ಕೇಳಬಹುದು.

ಉಗಾಂಡದ ಪಶ್ಚಿಮ ಭಾಗದಲ್ಲಿರುವ ಕಿಬಾಲೆ ರಾಷ್ಟ್ರೀಯ ಉದ್ಯಾನ ಚಿಂಪಾಂಜಿಗಳಿಗೆ ಹೆಸರಾದ ಮಳೆಕಾಡು. ಇಂಗ್ಲೆಂಡಿನ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾನಿಲಯದ ಡಾ. ಆಲ್ವಿನ್ ಹೆಲ್ಡನ್ ತಮ್ಮ ವಿದ್ಯಾರ್ಥಿಗಳನ್ನು ಕ್ಷೇತ್ರಾಧ್ಯಯನಕ್ಕೆ ಅಲ್ಲಿಗೆ ಕರೆದೊಯ್ಯುತ್ತಿದ್ದರು. 2018ರಲ್ಲಿ ಅವರಿಗೆ ಲೋಹದಂತೆ ಮಿನುಗುವ, ಮೈತುಂಬ ಕುಳಿಗಳಿದ್ದ ಒಂದು ಜಿಗಿಹುಳು ಸಿಕ್ಕಿತು. ಅದು ಫ್ಲೋಗಿಸ್ ಎಂಬ ಅಪರೂಪದ ಕುಲಕ್ಕೆ ಸೇರಿತ್ತು. ಆ ಕುಲದ ಹುಳು ಅದಕ್ಕೆ ಮೊದಲು ಕಂಡಿದ್ದು 1969ರಲ್ಲಿ, ಮಧ್ಯ ಆಫ್ರಿಕ ಗಣರಾಜ್ಯದಲ್ಲಿ!

ಆದರೂ ‘ಫ್ಲೋಗಿಸ್ ಕಿಬಾಲೆನ್ಸಿಸ್’ ಎಂಬ ಹೆಸರು ಪ್ರಕಟವಾದದ್ದು 2022ರಲ್ಲಿ. ಹುಳು ಹಿಡಿಯುವುದು ಸುಲಭ. ಅದು ಹೊಸದೆಂದು ಸಾಧಿಸುವುದೇ ಕಷ್ಟ. ಜಿಗಿಹುಳುಗಳಲ್ಲಿ ಬಣ್ಣವನ್ನು ನಂಬುವಂತಿಲ್ಲ. ಗಂಡು ಹುಳುವಿನ ಹೊಟ್ಟೆಯ ತುದಿಯನ್ನು ಬಿಡಿಸಿ, ಕ್ಷಾರದ ದ್ರಾವಣದಲ್ಲಿ ನೆನೆಸಿ, ಸೂಕ್ಷ್ಮದರ್ಶಕದಡಿ ಅದರ ಜನನಾಂಗದ ಆಕಾರವನ್ನು ಪರೀಕ್ಷಿಸಬೇಕು. ಅದು ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಕಿಬಾಲೆಯ ಹುಳುವಿನಲ್ಲಿ ಅದರ ಒಂದು ಭಾಗ ಎಲೆಯಾಕಾರದಲ್ಲಿತ್ತು. ಆಮೇಲೆ ಚಿತ್ರ ಬರೆದು, ಹಿಂದೆ ವರ್ಣಿಸಿದ ಹತ್ತಿರದ ಪ್ರಭೇದಗಳೊಂದಿಗೆ ಒಂದೊಂದು ಅಂಗವನ್ನೂ ಹೋಲಿಸಬೇಕು. ಹೆಸರು ಯಾವ ಹುಳುವಿನ ಮೇಲೆ ನಿಂತಿದೆಯೋ ಆ ಹುಳುವನ್ನು ಕಾಪಾಡಿಡಬೇಕು. ಹೊಲಕ್ಕೆ ಗಡಿಕಲ್ಲು ಇದ್ದಂತೆ ಅದು. ಮುಂದೆ ತಕರಾರು ಬಂದರೆ ಅಲ್ಲಿಗೇ ಹೋಗಿ ನೋಡಬೇಕು.

ಇಷ್ಟೆಲ್ಲ ರಗಳೆ ಏಕೆ? ಭತ್ತದ ಗದ್ದೆಯಲ್ಲಿ ಉತ್ತರವಿದೆ. ಅಲ್ಲಿನ ಹಸಿರು ಜಿಗಿಹುಳುಗಳು ಮೇಲ್ನೋಟಕ್ಕೆ ಒಂದೇ. ಆದರೆ ಪೈರನ್ನು ಹಳದಿಯಾಗಿಸಿ ಗಿಡ್ಡವಾಗಿಸುವ ಟುಂಗ್ರೋ ರೋಗದ ನಂಜನ್ನು ನೆಫೊಟೆಟಿಕ್ಸ್ ವೈರೆಸೆನ್ಸ್ ಹರಡುವಷ್ಟು ಚುರುಕಾಗಿ ಅದರ ದಾಯಾದಿ ನೆಫೊಟೆಟಿಕ್ಸ್ ನೈಗ್ರೊಪಿಕ್ಟಸ್ ಹರಡಲಾರದು. ಎರಡನ್ನೂ ಒಂದೇ ಎಂದು ಬರೆದುಕೊಂಡರೆ ರೋಗದ ಲೆಕ್ಕವೇ ತಪ್ಪುತ್ತದೆ. ಮಾವಿನ ಹೂವನ್ನು ಒಣಗಿಸಿ, ಅಂಟು ಸುರಿಸಿ, ಎಲೆಯ ಮೇಲೆ ಕಪ್ಪು ಬೂಷ್ಟು ತರಿಸುವ ಹುಳುಗಳಲ್ಲೂ ಹಲವು ಪ್ರಭೇದಗಳಿವೆ. ಇವನ್ನೆಲ್ಲ ಬೇರ್ಪಡಿಸುವ ವಿದ್ಯೆಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಸಿ.ಎ. ವಿರಕ್ತಮಠ ಅವರ ಹೆಸರು ಜಗತ್ತಿಗೇ ಪರಿಚಿತ. ದಶಕಗಳ ಕಾಲ ದುಡಿದು ಅನೇಕ ಹೊಸ ಜಿಗಿಹುಳುಗಳನ್ನು ವರ್ಣಿಸಿದವರು ಅವರು. ಮಕ್ಕಳು ವಿಜ್ಞಾನಿಗಳ ಪಟ್ಟಿ ಬಾಯಿಪಾಠ ಮಾಡುವಾಗ ಇಂಥವರೂ ಅದರಲ್ಲಿದ್ದರೆ ಚೆನ್ನ.

ಕಿಬಾಲೆಯ ಹುಳು ಬೆಳೆಗೆ ಕೇಡು ಮಾಡುವಂಥದಲ್ಲ, ಕಾಡಿನದು. ಅದು ಯಾವ ಗಿಡದ ರಸ ಹೀರುತ್ತದೆ, ಆ ಕಾಡಿನಲ್ಲಿ ಅದರ ಪಾತ್ರವೇನು ಎಂಬುದು ಹೆಸರಿಟ್ಟ ದಿನ ಹೆಲ್ಡನ್ ಅವರಿಗೂ ಗೊತ್ತಿರಲಿಲ್ಲ.